ಎಚ್‌ಐವಿ ಮತ್ತು ಕ್ಷಯ: ಬಡ ನಾಡುಗಳಲ್ಲಿ ಚಿಕಿತ್ಸೆ ನಡೆದು ಬಂದ ದಾರಿ

ಪ್ರೌಢಶಾಲೆಯ ವಿಜ್ಞಾನ ಪಾಠಗಳಲ್ಲಿ ಕ್ಷಯರೋಗವು ಬ್ಯಾಕ್ಟೀರಿಯಾಗಳ ಪುಟದಲ್ಲಿಯೂ ಎಚ್‌ಐವಿ ಸೋಂಕು ವೈರಸ್‌ಗಳ ಪುಟದಲ್ಲಿಯೂ ಬರುವುದು ವಾಡಿಕೆ. ವರ್ಗೀಕರಣದ ದೃಷ್ಟಿಯಿಂದ ಇದು ಸರಿಯೇ. ಆದರೆ ಪಾಠ ಮುಗಿದ ಮೇಲೆ ವಿದ್ಯಾರ್ಥಿಯ ಮನಸ್ಸಿನಲ್ಲಿ ಇವು ಒಂದಕ್ಕೊಂದು ಸಂಬಂಧವಿಲ್ಲದ ಎರಡು ರೋಗಗಳಾಗಿ ಉಳಿದುಬಿಡುತ್ತವೆ. ಇದೇ ವಿಂಗಡಣೆ ಅನೇಕ ದೇಶಗಳ ಆರೋಗ್ಯ ವ್ಯವಸ್ಥೆಯಲ್ಲಿಯೂ ದೀರ್ಘಕಾಲ ನೆಲೆಸಿತ್ತು. ಕ್ಷಯಕ್ಕೆ ಒಂದು ಕಚೇರಿ, ಒಂದು ದಾಖಲೆ ಪುಸ್ತಕ, ಒಂದು ಸರದಿ. ಎಚ್‌ಐವಿಗೆ ಬೇರೊಂದು ಕಚೇರಿ, ಬೇರೊಂದು ಪುಸ್ತಕ, ಬೇರೊಂದು ಸರದಿ. ರೋಗಿಯ ದೇಹದೊಳಗೆ ಮಾತ್ರ ಇಂಥ ಗೋಡೆ ಇರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2023ರಲ್ಲಿ ಜಗತ್ತಿನಾದ್ಯಂತ ಕ್ಷಯದಿಂದ ಮೃತರಾದ ಸುಮಾರು 12 ಲಕ್ಷ 50 ಸಾವಿರ ಜನರಲ್ಲಿ 1 ಲಕ್ಷ 61 ಸಾವಿರ ಮಂದಿ ಎಚ್‌ಐವಿ ಸೋಂಕು ಇದ್ದವರು. ಎರಡೂ ರೋಗಗಳಿಗೆ ಪರಿಣಾಮಕಾರಿಯಾದ ಔಷಧಗಳಿರುವ ಕಾಲದಲ್ಲಿ ಸಂಭವಿಸಿದ ಮರಣಗಳಿವು.

ಔಷಧವಿದ್ದೂ ಅದು ಬಡವರನ್ನು ಏಕೆ ತಲುಪಲಿಲ್ಲ ಎಂಬ ಪ್ರಶ್ನೆಗೆ ಸಿದ್ಧ ಉತ್ತರವೊಂದು ಬಹಳ ಹಿಂದಿನಿಂದ ಚಾಲ್ತಿಯಲ್ಲಿದೆ: ಬಡವರಿಗೆ ತಿಳಿವಳಿಕೆ ಸಾಲದು, ಅವರು ಮಾತ್ರೆಗಳನ್ನು ಕ್ರಮ ತಪ್ಪದೆ ಸೇವಿಸಲಾರರು. ಸಂಶೋಧಕರು ಈ ಉತ್ತರವನ್ನು ಪರೀಕ್ಷೆಗೆ ಒಡ್ಡಿದಾಗಲೆಲ್ಲ ಕೊರತೆ ಕಂಡುಬಂದುದು ರೋಗಿಗಿಂತ ಹೆಚ್ಚಾಗಿ ಚಿಕಿತ್ಸೆಯ ಏರ್ಪಾಡಿನಲ್ಲಿ. ಮದರಾಸು, ತುಮಕೂರು, ದಕ್ಷಿಣ ಆಫ್ರಿಕಾದ ಖಯೆಲಿತ್ಷಾ, ಕಾಂಬೋಡಿಯಾ, ಝಾರ್ಖಂಡ್ ಹೀಗೆ ದೂರದೂರದ ನೆಲೆಗಳಿಂದ ಬಂದ ಸಾಕ್ಷ್ಯ ಇದೇ ದಿಕ್ಕನ್ನು ತೋರುತ್ತದೆ.

ಬೂದಿ ಮುಚ್ಚಿದ ಕೆಂಡ

ಕ್ಷಯದ ರೋಗಾಣುವನ್ನು ಕಂಡುಹಿಡಿದುದನ್ನು ರಾಬರ್ಟ್ ಕಾಕ್ ಬರ್ಲಿನ್ನಿನಲ್ಲಿ ಪ್ರಕಟಿಸಿದ್ದು 1882ರ ಮಾರ್ಚ್ 24ರಂದು. ಆ ದಿನವೇ ಈಗ ವಿಶ್ವ ಕ್ಷಯರೋಗ ದಿನ. ಶ್ವಾಸಕೋಶದ ಕ್ಷಯವಿರುವವರು ಕೆಮ್ಮಿದಾಗ ರೋಗಾಣುಗಳು ಗಾಳಿಯನ್ನು ಸೇರುತ್ತವೆ. ಗಾಳಿಯಾಡದ ಕೋಣೆಯಲ್ಲಿ ಅವರೊಡನೆ ಬಹುಹೊತ್ತು ಕಳೆಯುವವರಿಗೆ ಸೋಂಕು ತಗಲುತ್ತದೆ. ತಟ್ಟೆ, ಲೋಟ, ಬಟ್ಟೆ, ಸ್ಪರ್ಶಗಳಿಂದ ಅದು ಹರಡುವುದಿಲ್ಲ. ಸೋಂಕು ತಗಲಿದವರೆಲ್ಲರೂ ರೋಗಿಗಳಾಗುವುದಿಲ್ಲ ಎಂಬುದು ಮುಂದಿನ ವಿಚಾರಕ್ಕೆಲ್ಲ ತಳಹದಿ. ದೇಹದ ರಕ್ಷಕ ಕಣಗಳು ರೋಗಾಣುಗಳನ್ನು ಸುತ್ತುವರಿದು ಸಣ್ಣ ಗಂಟುಗಳೊಳಗೆ ಬಂಧಿಸಿಡುತ್ತವೆ. ಬೂದಿ ಮುಚ್ಚಿದ ಕೆಂಡದಂತೆ ಅವು ಅಲ್ಲಿ ದಶಕಗಳವರೆಗೆ ಇರಬಲ್ಲವು. ಹೀಗೆ ಸೋಂಕು ಹೊತ್ತ ನೂರು ಮಂದಿಯಲ್ಲಿ ಇಡೀ ಜೀವಮಾನದಲ್ಲಿ ಐದರಿಂದ ಹತ್ತು ಮಂದಿಗೆ ಮಾತ್ರ ರೋಗ ಕಾಣಿಸಿಕೊಳ್ಳುತ್ತದೆ.

ಆ ಗಂಟುಗಳನ್ನು ಕಾಯುವ ಕಾರ್ಯದಲ್ಲಿ ಸಿಡಿ4 ಎಂಬ ಬಿಳಿ ರಕ್ತಕಣಗಳ ಪಾತ್ರ ದೊಡ್ಡದು. ಎಚ್‌ಐವಿ ನಾಶಮಾಡುವುದು ಅವನ್ನೇ. ಕಾವಲು ಸಡಿಲವಾದೊಡನೆ ಕೆಂಡ ಮತ್ತೆ ಉರಿಯತೊಡಗುತ್ತದೆ. ಜೀವಮಾನವಿಡೀ ಹಂಚಿಹೋಗುತ್ತಿದ್ದ ಅಪಾಯವು ಚಿಕಿತ್ಸೆಯಿಲ್ಲದ ಎಚ್‌ಐವಿ ಸೋಂಕಿತರಲ್ಲಿ ಒಂದೊಂದು ವರ್ಷಕ್ಕೂ ಸರಿಸುಮಾರು ಅಷ್ಟೇ ಆಗುತ್ತದೆ. ಎಚ್‌ಐವಿ ಇರುವವರ ಮರಣಕ್ಕೆ ಕ್ಷಯವೇ ಪ್ರಮುಖ ಕಾರಣವಾಗಿರುವುದು ಇದರಿಂದ.

ತೊಡಕು ಅಲ್ಲಿಗೇ ನಿಲ್ಲುವುದಿಲ್ಲ. ಶ್ವಾಸಕೋಶದಲ್ಲಿ ಕುಳಿಗಳು ಉಂಟಾಗುವುದು ರೋಗಾಣುವಿನ ವಿರುದ್ಧ ದೇಹ ನಡೆಸುವ ಹೋರಾಟದಿಂದಲೇ. ಕಫದಲ್ಲಿ ರೋಗಾಣುಗಳು ಹೇರಳವಾಗಿ ಬರುವುದು ಆ ಕುಳಿಗಳಿಂದ. ಹೋರಾಡುವ ಶಕ್ತಿ ಕುಂದಿದ ದೇಹದಲ್ಲಿ ಕುಳಿಗಳು ಆಗುವುದು ಕಡಿಮೆ, ಕಫದಲ್ಲಿ ರೋಗಾಣುಗಳೂ ವಿರಳ. ಆದ್ದರಿಂದ ಹೆಚ್ಚು ಅಪಾಯದಲ್ಲಿರುವ ರೋಗಿಯ ಕಫವನ್ನೇ ಸೂಕ್ಷ್ಮದರ್ಶಕ ‘ದೋಷವಿಲ್ಲ’ ಎಂದು ಹೇಳಿ ಕಳುಹಿಸುವ ಸಂಭವ ಹೆಚ್ಚು. ಕಾಕ್‌ನ ಕಾಲದಿಂದ ನೂರು ವರ್ಷಗಳಿಗೂ ಮೀರಿ ಬಡ ದೇಶಗಳ ಪ್ರಧಾನ ಪರೀಕ್ಷೆಯಾಗಿದ್ದುದು ಈ ಸೂಕ್ಷ್ಮದರ್ಶಕವೇ. ರೋಗಾಣುವಿನ ವಂಶವಾಹಿಯನ್ನೇ ಗುರುತಿಸಿ, ರಿಫಾಂಪಿಸಿನ್ ಔಷಧಕ್ಕೆ ಅದು ಬಗ್ಗುವುದೋ ಇಲ್ಲವೋ ಎಂಬುದನ್ನೂ ಸುಮಾರು ಎರಡು ಗಂಟೆಗಳಲ್ಲಿ ತಿಳಿಸುವ ಎಕ್ಸ್‌ಪರ್ಟ್ ಪರೀಕ್ಷೆಗೆ ವಿಶ್ವ ಆರೋಗ್ಯ ಸಂಸ್ಥೆಯ ಮಾನ್ಯತೆ ದೊರೆತದ್ದು 2010ರ ಡಿಸೆಂಬರಿನಲ್ಲಿ.

ಮದರಾಸಿನ ಪ್ರಯೋಗ, ತುಮಕೂರಿನ ಸಮೀಕ್ಷೆ

1950ರ ದಶಕದವರೆಗೆ ಕ್ಷಯಕ್ಕೆ ಚಿಕಿತ್ಸೆ ಎಂದರೆ ಸ್ಯಾನಟೋರಿಯಂ. ಶುದ್ಧ ಗಾಳಿ, ಪೂರ್ಣ ವಿಶ್ರಾಂತಿ, ಪುಷ್ಟಿಕರ ಆಹಾರ ಇವು ಅಲ್ಲಿನ ಕ್ರಮ. ಸ್ಟ್ರೆಪ್ಟೊಮೈಸಿನ್, ಐಸೋನಿಯಾಜಿಡ್ ಮೊದಲಾದ ಔಷಧಗಳು ಬಂದ ಮೇಲೂ ಈ ಕ್ರಮ ಅನಿವಾರ್ಯವೆಂಬ ನಂಬಿಕೆ ಅಳಿದಿರಲಿಲ್ಲ. ಭಾರತದಲ್ಲಿ ರೋಗಿಗಳ ಸಂಖ್ಯೆಗೂ ಆಸ್ಪತ್ರೆಯ ಹಾಸಿಗೆಗಳ ಸಂಖ್ಯೆಗೂ ಯಾವ ತಾಳಮೇಳವೂ ಇರಲಿಲ್ಲ. ನಂಬಿಕೆ ನಿಜವಾದರೆ ಬಹುಪಾಲು ರೋಗಿಗಳಿಗೆ ಚಿಕಿತ್ಸೆಯೇ ಇಲ್ಲವೆಂದು ಒಪ್ಪಿಕೊಳ್ಳಬೇಕಾಗುತ್ತಿತ್ತು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಮದರಾಸು ಸರ್ಕಾರ, ವಿಶ್ವ ಆರೋಗ್ಯ ಸಂಸ್ಥೆ ಮತ್ತು ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ ಕೂಡಿ 1956ರಲ್ಲಿ ಮದರಾಸಿನಲ್ಲಿ ಕ್ಷಯರೋಗ ಔಷಧ ಚಿಕಿತ್ಸಾ ಕೇಂದ್ರವನ್ನು ತೆರೆದವು. ವ್ಯಾಲೇಸ್ ಫಾಕ್ಸ್ ಅದರ ನೇತೃತ್ವ ವಹಿಸಿದರು. ನಗರದ ಇಕ್ಕಟ್ಟಾದ ಮನೆಗಳ 193 ಬಡ ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪಾಗಿ ವಿಂಗಡಿಸಲಾಯಿತು. ಒಂದು ಗುಂಪಿಗೆ ಸ್ಯಾನಟೋರಿಯಂ, ಇನ್ನೊಂದಕ್ಕೆ ತಮ್ಮ ಮನೆಯೇ. ಎರಡಕ್ಕೂ ಒಂದು ವರ್ಷ ಒಂದೇ ಔಷಧ. ಮನೆಯಲ್ಲಿದ್ದವರಿಗೆ ದೊರೆತ ಆಹಾರ ಹೀನವಾಗಿತ್ತು, ವಿಶ್ರಾಂತಿ ಕಡಿಮೆ, ಜಾಗ ಇಕ್ಕಟ್ಟು. 1959ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ವರ್ಷದ ಕೊನೆಗೆ ರೋಗ ಶಮನಗೊಂಡವರು ಸ್ಯಾನಟೋರಿಯಂ ಗುಂಪಿನಲ್ಲಿ ಶೇ. 92, ಮನೆಯ ಗುಂಪಿನಲ್ಲಿ ಶೇ. 86. ಮನೆಯಲ್ಲಿ ಚಿಕಿತ್ಸೆ ಪಡೆದವರ ಕುಟುಂಬದವರಿಗೆ ರೋಗ ತಗಲುವುದು ಹೆಚ್ಚಾಗಲಿಲ್ಲ ಎಂಬುದೂ ಮುಂದೆ ದೃಢಪಟ್ಟಿತು. ಆ ಬಳಿಕ ಜಗತ್ತಿನ ಅನೇಕ ಕಡೆ ಸ್ಯಾನಟೋರಿಯಂಗಳು ಬಾಗಿಲು ಮುಚ್ಚಿದವು.

ಅದೇ ಕೇಂದ್ರದವರು ಇನ್ನೊಂದು ಸಂಗತಿಯನ್ನೂ ಮರೆಮಾಚದೆ ದಾಖಲಿಸಿದರು. ಮುನ್ಸೂಚನೆಯಿಲ್ಲದೆ ಮನೆಗೆ ಹೋಗಿ ಮಾತ್ರೆಗಳನ್ನು ಎಣಿಸಿ, ಮೂತ್ರವನ್ನು ಪರೀಕ್ಷಿಸಿದಾಗ, ಔಷಧ ತಪ್ಪಿಸುವವರು ಕಡಿಮೆಯೇನೂ ಇರಲಿಲ್ಲ. ಮೈ ಹಗುರವಾದ ಮೇಲೂ ತಿಂಗಳುಗಟ್ಟಲೆ ಔಷಧ ನುಂಗುವುದು ಯಾವ ದೇಶದ, ಯಾವ ಅಂತಸ್ತಿನ ಮನುಷ್ಯನಿಗೂ ಸುಲಭವಲ್ಲ. ಔಷಧವನ್ನು ಕೈಗಿತ್ತು ಕಳುಹಿಸಿದರೆ ಸಾಲದು, ಜೊತೆಯಲ್ಲಿ ಒಬ್ಬರು ಇರಬೇಕು ಎಂಬ ತಿಳಿವಳಿಕೆ ಮೂಡಿದ್ದು ಇಲ್ಲಿಂದ. ಮುಂದೆ ‘ಡಾಟ್ಸ್’ ಎಂದು ಪ್ರಸಿದ್ಧವಾದ ಕ್ರಮದ ಒಂದು ಬೇರು ಮದರಾಸಿನಲ್ಲಿದೆ. ಇನ್ನೊಂದು, 1970ರ ದಶಕದ ಕೊನೆಯಲ್ಲಿ ಕಾರೆಲ್ ಸ್ಟಿಬ್ಲೊ ಟಾಂಜಾನಿಯಾದಲ್ಲಿ ಕಟ್ಟಿದ ಕಾರ್ಯಕ್ರಮದಲ್ಲಿದೆ.

ಬೆಂಗಳೂರಿನಲ್ಲಿ 1959ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ನಡೆಸಿದ ಅಧ್ಯಯನಕ್ಕೆ ಇದಕ್ಕಿಂತ ಕಡಿಮೆ ಪ್ರಚಾರ ದೊರೆತಿದೆ. ಅದರ ಮಹತ್ತ್ವ ಮಾತ್ರ ಕಡಿಮೆಯಲ್ಲ. ಹಳ್ಳಿಗರು ಕ್ಷಯದ ಲಕ್ಷಣಗಳನ್ನು ಲೆಕ್ಕಿಸುವುದಿಲ್ಲ, ಆದ್ದರಿಂದ ವೈದ್ಯರೇ ವಾಹನದಲ್ಲಿ ಎಕ್ಸ್-ರೇ ಯಂತ್ರ ಹೊತ್ತು ಅವರನ್ನು ಹುಡುಕಬೇಕು ಎಂಬ ವಾದವಿದ್ದ ಕಾಲವದು. 1963ರಲ್ಲಿ ಪ್ರಕಟವಾದ ಆ ಅಧ್ಯಯನದಂತೆ, ಕಫದಲ್ಲಿ ರೋಗಾಣುವಿದ್ದವರಲ್ಲಿ ಬಹುತೇಕ ಎಲ್ಲರಿಗೂ ತಮ್ಮ ಕೆಮ್ಮಿನ, ಜ್ವರದ ಅರಿವಿತ್ತು. ಅರ್ಧಕ್ಕಿಂತ ತುಸು ಹೆಚ್ಚು ಮಂದಿ ಆಗಲೇ ಯಾವುದಾದರೊಂದು ಆಸ್ಪತ್ರೆಯ ಮೆಟ್ಟಿಲು ಹತ್ತಿ ಬಂದಿದ್ದರು. ಅಲ್ಲಿ ಅವರಿಗೆ ಸಾಮಾನ್ಯವಾಗಿ ದೊರೆತದ್ದು ಒಂದು ಸೀಸೆ ಕೆಮ್ಮಿನ ಔಷಧ. ರೋಗಿ ಆಸ್ಪತ್ರೆಗೆ ಬಂದಿದ್ದ. ಕಫವನ್ನು ಪರೀಕ್ಷಿಸುವವರು ಅಲ್ಲಿರಲಿಲ್ಲ. ಕ್ಷಯದ ಪತ್ತೆ ಮತ್ತು ಚಿಕಿತ್ಸೆಯನ್ನು ಸಾಮಾನ್ಯ ಆಸ್ಪತ್ರೆಗಳಲ್ಲಿಯೇ ಒದಗಿಸಬೇಕೆಂದು 1962ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಬೆಂಗಳೂರಿನ ಸಂಸ್ಥೆಯ ಇಂಥ ಅಧ್ಯಯನಗಳೇ ಆಧಾರ.

ದಿನಕ್ಕೆ ಒಂದು ಡಾಲರ್

ಎಚ್‌ಐವಿಯ ವಿಷಯದಲ್ಲಿ ಅದೇ ವಾದ ಇನ್ನಷ್ಟು ಕಟುವಾಗಿ ಮರಳಿ ಬಂದಿತು. 1996ರ ವೇಳೆಗೆ ಮೂರು ಔಷಧಗಳನ್ನು ಕೂಡಿಸಿ ಕೊಟ್ಟರೆ ವೈರಸ್ಸಿನ ವೃದ್ಧಿ ನಿಲ್ಲುತ್ತದೆಂಬುದು ಸಿದ್ಧವಾಗಿ, ಶ್ರೀಮಂತ ದೇಶಗಳಲ್ಲಿ ಏಡ್ಸ್ ಮರಣಗಳು ತೀವ್ರವಾಗಿ ಇಳಿದವು. ಆದರೆ ಒಬ್ಬರ ಒಂದು ವರ್ಷದ ಔಷಧಕ್ಕೆ ತಗಲುತ್ತಿದ್ದುದು ಹತ್ತು ಸಾವಿರ ಡಾಲರಿಗೂ ಹೆಚ್ಚು. ಸೋಂಕಿತರಲ್ಲಿ ಬಹುಪಾಲು ಜನರಿದ್ದ ಸಹಾರಾದ ದಕ್ಷಿಣದ ಆಫ್ರಿಕಾಕ್ಕೆ ಅದು ಗಗನಕುಸುಮ. ಅಲ್ಲಿ ಚಿಕಿತ್ಸೆ ಬೇಡ, ಪ್ರತಿಬಂಧಕ ಪ್ರಚಾರವಷ್ಟೇ ಸಾಕು ಎಂಬುದು ಅಂತರರಾಷ್ಟ್ರೀಯ ವಲಯಗಳ ಪ್ರಬಲ ಅಭಿಪ್ರಾಯವಾಗಿತ್ತು. ಗಡಿಯಾರ ನೋಡಿ ದಿನ ಕಳೆಯುವ ರೂಢಿ ಆಫ್ರಿಕನ್ನರಿಗಿಲ್ಲ, ಹೊತ್ತಿಗೆ ಸರಿಯಾಗಿ ಔಷಧವನ್ನು ಅವರು ಹೇಗೆ ಸೇವಿಸಿಯಾರು ಎಂಬ ಅರ್ಥದ ಮಾತನ್ನು 2001ರಲ್ಲಿ ಅಮೆರಿಕದ ನೆರವು ಸಂಸ್ಥೆಯ ಉನ್ನತಾಧಿಕಾರಿಯೊಬ್ಬರು ಬಹಿರಂಗವಾಗಿಯೇ ಆಡಿದರು.

ಅದೇ 2001ರ ಫೆಬ್ರವರಿಯಲ್ಲಿ ಮುಂಬಯಿಯ ಸಿಪ್ಲಾ ಕಂಪನಿಯ ಮುಖ್ಯಸ್ಥ ಯೂಸುಫ್ ಹಮೀದ್ ಮೂರು ಔಷಧಗಳ ಒಂದು ವರ್ಷದ ಚಿಕಿತ್ಸೆಯನ್ನು ‘ಗಡಿಗಳಿಲ್ಲದ ವೈದ್ಯರು’ ಸಂಸ್ಥೆಗೆ 350 ಡಾಲರಿಗೆ, ಅಂದರೆ ದಿನಕ್ಕೆ ಒಂದು ಡಾಲರಿಗೂ ಕಡಿಮೆ ಬೆಲೆಗೆ ಕೊಡಲು ಮುಂದೆ ಬಂದರು. ಇದು ಸಾಧ್ಯವಾದುದರ ಹಿಂದೆ ಭಾರತದ 1970ರ ಪೇಟೆಂಟ್ ಕಾಯಿದೆಯಿದೆ. ಆ ಕಾಯಿದೆಯಂತೆ ಔಷಧವನ್ನು ತಯಾರಿಸುವ ವಿಧಾನಕ್ಕೆ ಪೇಟೆಂಟ್ ಇತ್ತೇ ಹೊರತು ಔಷಧಕ್ಕೇ ಇರಲಿಲ್ಲ. ಬೇರೊಂದು ವಿಧಾನದಿಂದ ಅದನ್ನು ತಯಾರಿಸಲು ಅಡ್ಡಿಯಿರಲಿಲ್ಲ. ಈ ಅವಕಾಶ 2005ರ ತಿದ್ದುಪಡಿಯವರೆಗೂ ಉಳಿಯಿತು. ಮೂರು ಔಷಧಗಳ ಪೇಟೆಂಟ್ ಮೂರು ಬೇರೆ ಕಂಪನಿಗಳ ಕೈಯಲ್ಲಿದ್ದ ದೇಶಗಳಲ್ಲಿ ಅವನ್ನು ಒಂದೇ ಮಾತ್ರೆಯಾಗಿ ಕೂಡಿಸುವವರಿರಲಿಲ್ಲ, ಸಿಪ್ಲಾ ಕೂಡಿಸಿತು. ಬೆಳಿಗ್ಗೆ ಒಂದು, ಸಂಜೆ ಒಂದು. ಬಡ ರೋಗಿಯ ಚಿಕಿತ್ಸೆ ಆ ಹೊತ್ತಿಗೆ ಶ್ರೀಮಂತ ರೋಗಿಯ ಚಿಕಿತ್ಸೆಗಿಂತ ಸರಳವಾಯಿತೆಂಬುದು ಒಂದು ವಿಚಿತ್ರ.

ಔಷಧದ ಬೆಲೆಯನ್ನು ಇಳಿಸುವ ಕಾನೂನಿನ ವಿರುದ್ಧ 39 ಕಂಪನಿಗಳು ದಕ್ಷಿಣ ಆಫ್ರಿಕಾದ ಸರ್ಕಾರದ ಮೇಲೆ ಹೂಡಿದ್ದ ಮೊಕದ್ದಮೆಯನ್ನು ಅದೇ ವರ್ಷದ ಏಪ್ರಿಲಿನಲ್ಲಿ ಹಿಂದಕ್ಕೆ ಪಡೆದವು. ನವೆಂಬರಿನ ದೋಹಾ ಘೋಷಣೆ, ಸಾರ್ವಜನಿಕ ಆರೋಗ್ಯವನ್ನು ಕಾಪಾಡುವ ದೇಶಗಳ ಹಕ್ಕಿಗೆ ಪೇಟೆಂಟ್ ಒಪ್ಪಂದ ಅಡ್ಡಬರಬಾರದೆಂದು ಸಾರಿತು. ಇಷ್ಟಾದರೂ ಕೇಳಬೇಕಾದ ಪ್ರಶ್ನೆ ಉಳಿದೇ ಇತ್ತು: ಔಷಧ ಅಗ್ಗವಾದರೆ ಬಡವರು ಅದನ್ನು ಕ್ರಮವಾಗಿ ಸೇವಿಸುವರೇ?

ಖಯೆಲಿತ್ಷಾದ ಪಾಠ

ಕೇಪ್‌ಟೌನ್ ನಗರದ ಅಂಚಿನ ಮರಳು ಬಯಲಿನಲ್ಲಿ, ವರ್ಣಭೇದ ನೀತಿಯ ಕೊನೆಯ ವರ್ಷಗಳಲ್ಲಿ ಕಪ್ಪು ಜನರಿಗೆಂದು ಬೆಳೆಸಿದ ಬಡಾವಣೆ ಖಯೆಲಿತ್ಷಾ. ಅಲ್ಲಿನವರ ಖೋಸಾ ಭಾಷೆಯಲ್ಲಿ ಆ ಹೆಸರಿಗೆ ‘ಹೊಸ ಮನೆ’ ಎಂದರ್ಥ. ಮನೆಗಳಲ್ಲಿ ಹೆಚ್ಚಿನವು ತಗಡು ಮತ್ತು ಹಲಗೆಯವು. ‘ಗಡಿಗಳಿಲ್ಲದ ವೈದ್ಯರು’ ಅಲ್ಲಿನ ಸರ್ಕಾರಿ ಚಿಕಿತ್ಸಾಲಯಗಳಲ್ಲಿ 2001ರ ಮೇ ತಿಂಗಳಲ್ಲಿ ಎಚ್‌ಐವಿ ಔಷಧಗಳನ್ನು ಕೊಡತೊಡಗಿದರು. ಏಡ್ಸ್‌ಗೆ ಎಚ್‌ಐವಿಯೇ ಕಾರಣವೆಂಬುದನ್ನು ದೇಶದ ಅಧ್ಯಕ್ಷರೇ ಸಂಶಯಿಸುತ್ತಿದ್ದ ದಿನಗಳವು.

ಆಗ ಚಿಕಿತ್ಸೆ ಆರಂಭಿಸಿದ ಮೊದಲ 287 ವಯಸ್ಕರ ಸ್ಥಿತಿ ಹೇಗಿತ್ತೆಂಬುದಕ್ಕೆ ಒಂದು ಅಂಕಿ ಸಾಕು. ಆರೋಗ್ಯವಂತರ ರಕ್ತದ ಒಂದು ಘನ ಮಿಲಿಮೀಟರಿನಲ್ಲಿ ಸಿಡಿ4 ಕಣಗಳು ಸಾಮಾನ್ಯವಾಗಿ ಐನೂರಕ್ಕೂ ಹೆಚ್ಚು ಇರುತ್ತವೆ; ಈ ಗುಂಪಿನ ಮಧ್ಯಾಂಕ 43. ಸಾವಿನ ಹೊಸ್ತಿಲಲ್ಲಿದ್ದವರು ಅವರು. 2004ರಲ್ಲಿ ಪ್ರಕಟವಾದ ವರದಿಯಂತೆ ಎರಡು ವರ್ಷಗಳ ಕೊನೆಗೆ ಬದುಕುಳಿದವರ ಪ್ರಮಾಣ ಶೇ. 86. ರಕ್ತದಲ್ಲಿ ವೈರಸ್ ಅಳತೆಗೆ ಸಿಗದಷ್ಟು ಇಳಿದವರು ಸುಮಾರು ಶೇ. 70. ಗಡಿಯಾರದ ವಾದಕ್ಕೆ ಬೇರೆ ಉತ್ತರ ಬೇಕಿರಲಿಲ್ಲ.

ಇದು ಹೇಗೆ ಸಾಧ್ಯವಾಯಿತು ಎಂಬುದು ಶಿಕ್ಷಕರಿಗೆ ವಿಶೇಷವಾಗಿ ಪ್ರಸ್ತುತ, ಏಕೆಂದರೆ ಅಲ್ಲಿ ನಡೆದುದರಲ್ಲಿ ಅರ್ಧ ಭಾಗ ಶಿಕ್ಷಣವೇ. ಜ಼ಾಕಿ ಅಕ್ಮತ್ ಮತ್ತಿತರರು 1998ರ ಡಿಸೆಂಬರ್ 10ರಂದು ಕೇಪ್‌ಟೌನಿನಲ್ಲಿ ಆರಂಭಿಸಿದ ‘ಚಿಕಿತ್ಸಾ ಕ್ರಿಯಾ ಆಂದೋಲನ’ ಎಂಬ ಸಂಘಟನೆ ಈ ಕಾರ್ಯಕ್ಕೆ ‘ಚಿಕಿತ್ಸಾ ಸಾಕ್ಷರತೆ’ ಎಂಬ ಹೆಸರಿಟ್ಟಿತು. ಅಕ್ಮತ್ ಸ್ವತಃ ಸೋಂಕಿತರು; ಸರ್ಕಾರಿ ಆಸ್ಪತ್ರೆಗಳಲ್ಲಿ ಎಲ್ಲರಿಗೂ ಔಷಧ ದೊರೆಯುವವರೆಗೆ ತಾವೂ ಸೇವಿಸುವುದಿಲ್ಲವೆಂದು ಹಟ ಹಿಡಿದು 2003ರವರೆಗೆ ಅದನ್ನು ನಿರಾಕರಿಸಿದವರು. ಸಂಘಟನೆಯವರು ಚಿಕಿತ್ಸಾಲಯದ ಬೆಂಚುಗಳಲ್ಲಿ, ಚರ್ಚುಗಳಲ್ಲಿ, ಮನೆಯಂಗಳಗಳಲ್ಲಿ ವೈರಸ್ ಎಂದರೇನು, ಸಿಡಿ4 ಎಂದರೇನು, ಯಾವ ಮಾತ್ರೆಯ ಹೆಸರೇನು, ಯಾವುದರಿಂದ ಯಾವ ಉಪದ್ರವ ಆಗಬಹುದು, ಆದಾಗ ಏನು ಮಾಡಬೇಕು ಎಂಬುದನ್ನು ಜನರ ಭಾಷೆಯಲ್ಲಿಯೇ ಕಲಿಸಿದರು. ಕಲಿಸಿದವರಲ್ಲಿ ಅನೇಕರು ತಾವೂ ಅದೇ ಮಾತ್ರೆ ನುಂಗುತ್ತಿದ್ದವರು, ಹೆಚ್ಚು ಓದಿದವರೇನೂ ಅಲ್ಲ. ‘ಎಚ್‌ಐವಿ ಪಾಸಿಟಿವ್’ ಎಂದು ದೊಡ್ಡ ಅಕ್ಷರಗಳಲ್ಲಿ ಬರೆದ ಅಂಗಿಯನ್ನು ಸೋಂಕಿದ್ದವರೂ ಇಲ್ಲದವರೂ ಒಟ್ಟಿಗೆ ತೊಟ್ಟು ಬೀದಿಗೆ ಬಂದರು. ಯಾರಿಗೆ ಸೋಂಕಿದೆ ಎಂಬ ಪಿಸುಮಾತಿಗೆ ಎಡೆಯಿಲ್ಲದಂತಾಯಿತು. ಆಜ್ಞೆಯಂತೆ ನುಂಗುವ ಮಾತ್ರೆಗೂ ಅರ್ಥ ತಿಳಿದು ನುಂಗುವ ಮಾತ್ರೆಗೂ ಇರುವ ಅಂತರವನ್ನು ಅವರು ಅರಿತಿದ್ದರು.

ರೋಗಿಗಳ ಸಂಖ್ಯೆ ಬೆಳೆದಂತೆ ಸರದಿಯೂ ಬೆಳೆಯಿತು. ಔಷಧಕ್ಕಾಗಿ ಇಡೀ ದಿನದ ಕೂಲಿ ಕಳೆದುಕೊಳ್ಳಬೇಕಾಯಿತು. 2007ರಿಂದ ಸ್ಥಿರವಾಗಿದ್ದ ರೋಗಿಗಳ ಕೂಟಗಳನ್ನು ರಚಿಸಲಾಯಿತು. ಮೂವತ್ತರಷ್ಟು ಮಂದಿ ಎರಡು ತಿಂಗಳಿಗೊಮ್ಮೆ ಸೇರಿ, ತೂಕ ನೋಡಿಸಿಕೊಂಡು, ಕಟ್ಟಿಟ್ಟ ಔಷಧ ಪಡೆದು, ಮಾತನಾಡಿಕೊಂಡು ಹಿಂದಿರುಗುತ್ತಿದ್ದರು. ವೈದ್ಯರು ವರ್ಷಕ್ಕೊಮ್ಮೆ ನೋಡಿದರೂ ಸಾಕಾಗುತ್ತಿತ್ತು.

ಗೋಡೆ ಇದ್ದಲ್ಲಿ ಆದದ್ದು

ಖಯೆಲಿತ್ಷಾದ ಒಂದು ಚಿಕಿತ್ಸಾಲಯದಲ್ಲಿ 2003ರಲ್ಲಿಯೇ ಕ್ಷಯ ಮತ್ತು ಎಚ್‌ಐವಿ ಚಿಕಿತ್ಸೆಗಳನ್ನು ಒಂದೇ ಸೂರಿನಡಿ ತರಲಾಯಿತು. ಅದೇ ದೇಶದ ಇನ್ನೊಂದು ಮೂಲೆ, ಕ್ವಾಜುಲು-ನಟಾಲ್ ಪ್ರಾಂತದ ಟುಗೇಲಾ ಫೆರಿ ಎಂಬ ಗ್ರಾಮೀಣ ಊರು, ಬೇರೊಂದು ಚಿತ್ರವನ್ನು ತೋರಿಸಿತು. ಅಲ್ಲಿನ ಆಸ್ಪತ್ರೆಯಲ್ಲಿ ಎಚ್‌ಐವಿ ಔಷಧದಿಂದ ಚೇತರಿಸಿಕೊಳ್ಳುತ್ತಿದ್ದವರು ಇದ್ದಕ್ಕಿದ್ದಂತೆ ಕ್ಷಯದಿಂದ ಸಾಯತೊಡಗಿದರು. 2005 ಮತ್ತು 2006ರಲ್ಲಿ 1,539 ರೋಗಿಗಳನ್ನು ಪರೀಕ್ಷಿಸಿದಾಗ 221 ಮಂದಿಯಲ್ಲಿ ಮುಖ್ಯ ಔಷಧಗಳಿಗೆ ಬಗ್ಗದ ಕ್ಷಯವೂ, ಅವರಲ್ಲಿ 53 ಮಂದಿಯಲ್ಲಿ ಎರಡನೆಯ ಸಾಲಿನ ಔಷಧಗಳಿಗೂ ಬಗ್ಗದ ಕ್ಷಯವೂ ಕಂಡುಬಂದವು. ಆ 53 ಮಂದಿಯಲ್ಲಿ 52 ಮಂದಿ ಮೃತರಾದರು. ಕಫದ ಮಾದರಿ ಕೊಟ್ಟ ದಿನದಿಂದ ಸಾವಿನವರೆಗೆ ಕಳೆದ ದಿನಗಳ ಮಧ್ಯಾಂಕ 16.

ಮಾತ್ರೆಗಳನ್ನು ಕ್ರಮತಪ್ಪಿ ನುಂಗಿ ಇವರೇ ಇದನ್ನು ತಂದುಕೊಂಡರೆಂದು ಹೇಳುವುದು ಸುಲಭವಿತ್ತು. ವಾಸ್ತವದಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಹಿಂದೆ ಒಮ್ಮೆಯೂ ಕ್ಷಯದ ಔಷಧ ಸೇವಿಸಿದವರೇ ಅಲ್ಲ. ಮೂರರಲ್ಲಿ ಎರಡು ಪಾಲಿನಷ್ಟು ಜನ ಇತ್ತೀಚೆಗೆ ಆಸ್ಪತ್ರೆಯಲ್ಲಿ ದಾಖಲಾಗಿದ್ದವರು. ರೋಗಾಣುವಿನ ವಂಶವಾಹಿ ಪರೀಕ್ಷೆಯಲ್ಲಿ ಬಹುತೇಕರಲ್ಲಿದ್ದುದು ಒಂದೇ ತಳಿ. ಅಂದರೆ ಅದು ಹರಡಿದ್ದು ಒಬ್ಬರಿಂದ ಒಬ್ಬರಿಗೆ, ಬಹುಮಟ್ಟಿಗೆ ಆಸ್ಪತ್ರೆಯ ವಾರ್ಡಿನ ಗಾಳಿಯಲ್ಲಿಯೇ. ಬದುಕಲೆಂದು ಬಂದ ಜಾಗದಲ್ಲಿಯೇ ಮರಣ ತಗಲಿತು. ಕಿಟಕಿಗಳನ್ನು ತೆರೆದಿಡುವುದು, ಕೆಮ್ಮುವವರನ್ನು ಬೇರೆ ಕೂರಿಸುವುದು, ಕ್ಷಯದ ಪರೀಕ್ಷೆಯನ್ನು ಬೇಗ ಮುಗಿಸುವುದು ಇಂಥ ಸಾಮಾನ್ಯ ಕ್ರಮಗಳಿಗೆ ಎಚ್‌ಐವಿ ಚಿಕಿತ್ಸೆಯಷ್ಟೇ ಬೆಲೆಯಿದೆಯೆಂಬುದನ್ನು ಜಗತ್ತು ಅಲ್ಲಿಂದ ಕಲಿಯಿತು.

ಇಬ್ಬಗೆಯ ಚಿಕಿತ್ಸೆಯನ್ನು ಒಟ್ಟಿಗೆ ಕೊಡಲು ವೈದ್ಯರು ಹಿಂಜರಿಯುತ್ತಿದ್ದುದಕ್ಕೆ ನಿಜವಾದ ಕಾರಣಗಳೂ ಇದ್ದವು. ಕ್ಷಯದ ಪ್ರಮುಖ ಔಷಧ ರಿಫಾಂಪಿಸಿನ್, ಯಕೃತ್ತನ್ನು ಚುರುಕುಗೊಳಿಸಿ ಕೆಲವು ಎಚ್‌ಐವಿ ಔಷಧಗಳನ್ನು ದೇಹದಿಂದ ಬೇಗ ಹೊರಹಾಕಿಸುತ್ತದೆ. ಅಲ್ಲದೆ, ಕುಗ್ಗಿದ್ದ ರೋಗನಿರೋಧಕ ಶಕ್ತಿ ಒಮ್ಮೆಲೇ ಮರಳಿದಾಗ ಅಡಗಿದ್ದ ರೋಗಾಣುಗಳ ಮೇಲೆ ಅದು ಎರಗುವ ರಭಸಕ್ಕೆ ಜ್ವರ, ಊತಗಳು ಉಲ್ಬಣಿಸಬಹುದು. ಆದ್ದರಿಂದ ಮೊದಲು ಕ್ಷಯವನ್ನು ಗುಣಪಡಿಸಿ ಆಮೇಲೆ ಎಚ್‌ಐವಿಗೆ ಔಷಧ ಕೊಡುವುದು ವಾಡಿಕೆಯಾಯಿತು. ಡರ್ಬನ್ನಿನಲ್ಲಿ ಸಲೀಂ ಅಬ್ದುಲ್ ಕರೀಂ ಮತ್ತು ಸಂಗಡಿಗರು 642 ರೋಗಿಗಳಲ್ಲಿ ನಡೆಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನ ಆ ವಾಡಿಕೆಯ ಬೆಲೆಯನ್ನು ತೋರಿಸಿಕೊಟ್ಟಿತು: ಎರಡನ್ನೂ ಒಟ್ಟಿಗೆ ಕೊಟ್ಟ ಗುಂಪಿನಲ್ಲಿ ಮರಣಗಳು ಶೇ. 56ರಷ್ಟು ಕಡಿಮೆ. ಕಾಂಬೋಡಿಯಾದಲ್ಲಿ 661 ರೋಗಿಗಳ ಮೇಲೆ ನಡೆದ ಅಧ್ಯಯನ ಇನ್ನೂ ಸೂಕ್ಷ್ಮವಾದ ಪ್ರಶ್ನೆ ಕೇಳಿತು. ಕ್ಷಯದ ಔಷಧ ಆರಂಭಿಸಿದ ಎಂಟು ವಾರಗಳ ಬದಲು ಎರಡೇ ವಾರಗಳಲ್ಲಿ ಎಚ್‌ಐವಿ ಔಷಧ ಕೊಟ್ಟಾಗ ಅತಿ ದುರ್ಬಲ ರೋಗಿಗಳ ಮರಣ ಶೇ. 34ರಷ್ಟು ಇಳಿಯಿತು. ಮಿದುಳಿನ ಪೊರೆಗೆ ತಗಲಿದ ಕ್ಷಯದಲ್ಲಿ ಮಾತ್ರ ಈಗಲೂ ಎಚ್ಚರಿಕೆಯಿಂದ ಕಾಯಲಾಗುತ್ತದೆ.

ಎರಡು ನಗರಗಳ ಇಬ್ಬರು ಯುವತಿಯರು

ಔಷಧಕ್ಕೆ ಬಗ್ಗದ ಕ್ಷಯದ ಹಳೆಯ ಚಿಕಿತ್ಸೆ ಎರಡು ವರ್ಷಗಳಷ್ಟು ದೀರ್ಘ. ತಿಂಗಳುಗಟ್ಟಲೆ ಚುಚ್ಚುಮದ್ದು ಅದರ ಭಾಗ. ಆ ಚುಚ್ಚುಮದ್ದು ಕಿವಿಯನ್ನು ಕೆಡಿಸುತ್ತಿತ್ತು. ಖಯೆಲಿತ್ಷಾದ ಫುಮೆಜಾ ಟಿಸಿಲೆ ಮತ್ತು ಮುಂಬಯಿಯ ನಂದಿತಾ ವೆಂಕಟೇಶನ್ ಇಬ್ಬರೂ ಕ್ಷಯದಿಂದ ಗುಣವಾದರು, ಇಬ್ಬರೂ ಚಿಕಿತ್ಸೆಯಿಂದ ಶ್ರವಣಶಕ್ತಿ ಕಳೆದುಕೊಂಡರು. ಚುಚ್ಚುಮದ್ದಿಗೆ ಬದಲಾಗಿ ಬಳಸಬಹುದಾದ ಬೆಡಾಕ್ವಿಲಿನ್ ಎಂಬ ಮಾತ್ರೆಗೆ 2012ರಲ್ಲಿಯೇ ಅಮೆರಿಕದಲ್ಲಿ ಅನುಮತಿ ದೊರೆತಿತ್ತು. ಅದರ ಪೇಟೆಂಟನ್ನು 2023ರಿಂದ 2027ಕ್ಕೆ ಮುಂದುವರಿಸುವ ಕಂಪನಿಯ ಅರ್ಜಿಗೆ ಇವರಿಬ್ಬರೂ ಭಾರತದ ಪೇಟೆಂಟ್ ಕಚೇರಿಯಲ್ಲಿ 2019ರಲ್ಲಿ ಆಕ್ಷೇಪಣೆ ಸಲ್ಲಿಸಿದರು. 2023ರ ಮಾರ್ಚಿನಲ್ಲಿ ಕಚೇರಿ ಕಂಪನಿಯ ಅರ್ಜಿಯನ್ನು ತಿರಸ್ಕರಿಸಿತು. ಇತರ ತಯಾರಕರಿಗೆ ದಾರಿ ತೆರೆಯಿತು. ಬೆಡಾಕ್ವಿಲಿನ್ ಒಳಗೊಂಡ, ಚುಚ್ಚುಮದ್ದಿಲ್ಲದ ಆರು ತಿಂಗಳ ಚಿಕಿತ್ಸೆಯನ್ನು ವಿಶ್ವ ಆರೋಗ್ಯ ಸಂಸ್ಥೆ 2022ರಿಂದ ಶಿಫಾರಸು ಮಾಡುತ್ತಿದೆ.

ಅನ್ನದ ಮಾತು

ಮದರಾಸಿನ ಪ್ರಯೋಗದಿಂದ, ಕ್ಷಯಕ್ಕೂ ಆಹಾರಕ್ಕೂ ಸಂಬಂಧವಿಲ್ಲವೆಂಬ ಅವಸರದ ತೀರ್ಮಾನಕ್ಕೆ ಕೆಲವರು ಬಂದರು. ಆ ಪ್ರಯೋಗ ಹೇಳಿದ್ದು ಅಷ್ಟಲ್ಲ. ಹೀನ ಆಹಾರವಿದ್ದರೂ ಔಷಧ ಫಲಿಸುತ್ತದೆ ಎಂದಷ್ಟೇ. ರೋಗ ಬಾರದಂತೆ ತಡೆಯುವಲ್ಲಿ ಅನ್ನದ ಪಾತ್ರವೇನು ಎಂಬುದಕ್ಕೆ ದೃಢವಾದ ಉತ್ತರ ದೊರೆಯಲು 2023ರವರೆಗೆ ಕಾಯಬೇಕಾಯಿತು. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಅನುರಾಗ್ ಭಾರ್ಗವ, ಮಾಧವಿ ಭಾರ್ಗವ ಮತ್ತು ಸಂಗಡಿಗರು ಝಾರ್ಖಂಡಿನ ನಾಲ್ಕು ಜಿಲ್ಲೆಗಳಲ್ಲಿ 2,800 ರೋಗಿಗಳ ಮನೆಗಳನ್ನು ಅನುಸರಿಸಿದರು. ಒಂದು ಗುಂಪಿನ ಮನೆಗಳಲ್ಲಿ ರೋಗಿಗಷ್ಟೇ ಅಲ್ಲದೆ ಮನೆಯ ಪ್ರತಿಯೊಬ್ಬರಿಗೂ ತಿಂಗಳಿಗೆ ಐದು ಕಿಲೋ ಅಕ್ಕಿ, ಒಂದೂವರೆ ಕಿಲೋ ತೊಗರಿಬೇಳೆ ಮತ್ತು ಜೀವಸತ್ವದ ಮಾತ್ರೆಗಳನ್ನು ಕೊಡಲಾಯಿತು. ಆ ಮನೆಗಳಲ್ಲಿ ಹೊಸದಾಗಿ ಕ್ಷಯ ಬರುವುದು ಶೇ. 39ರಷ್ಟು ಕಡಿಮೆಯಾಯಿತು. ಅಕ್ಕಿ ಬೇಳೆಗಳು ಹೊಸ ಲಸಿಕೆಯೊಂದರಿಂದ ನಿರೀಕ್ಷಿಸಬಹುದಾದಷ್ಟು ಕೆಲಸ ಮಾಡಿದ್ದವು. ಶಾಲೆಯ ಬಿಸಿಯೂಟವನ್ನು ಹಾಜರಾತಿಯ ಉಪಾಯವೆಂದಷ್ಟೇ ಕಾಣುವವರು ಈ ಅಂಕಿಯನ್ನು ಗಮನಿಸಬಹುದು.

2025ರ ಜನವರಿಯಲ್ಲಿ ಅಮೆರಿಕ ತನ್ನ ವಿದೇಶೀ ನೆರವನ್ನು ಹಠಾತ್ತನೆ ತಡೆಹಿಡಿದಾಗ ಏನಾಯಿತೆಂಬುದೂ ಇದೇ ಮಾತಿಗೆ ಸೇರುತ್ತದೆ. ದಕ್ಷಿಣ ಆಫ್ರಿಕಾ ತನ್ನ ಎಚ್‌ಐವಿ ಔಷಧಗಳನ್ನು ಬಹುಪಾಲು ಸ್ವಂತ ಹಣದಿಂದಲೇ ಕೊಳ್ಳುತ್ತದೆ. ಮಾತ್ರೆಗಳು ಕಪಾಟಿನಲ್ಲಿ ಉಳಿದವು. ಕೆಲಸ ಹೋದದ್ದು ಮನೆಮನೆಗೆ ಹೋಗುತ್ತಿದ್ದ, ಆಪ್ತಸಲಹೆ ನೀಡುತ್ತಿದ್ದ, ಚಿಕಿತ್ಸೆ ಬಿಟ್ಟವರನ್ನು ಹುಡುಕಿ ಕರೆತರುತ್ತಿದ್ದ ಸಾವಿರಾರು ಕಾರ್ಯಕರ್ತರದು.

ತರಗತಿಯಲ್ಲಿ

ಭಾರತದಲ್ಲಿ ಎಚ್‌ಐವಿ ಔಷಧವನ್ನು ಸರ್ಕಾರ ಉಚಿತವಾಗಿ ಕೊಡತೊಡಗಿದ್ದು 2004ರ ಏಪ್ರಿಲ್ 1ರಿಂದ. ಆ ದಿನ ಹುಟ್ಟಿದ ಮಕ್ಕಳು ಈಗ ಶಾಲೆ ದಾಟಿದ್ದಾರೆ. ಆದರೂ ‘ಎಚ್‌ಐವಿ ಬಂದರೆ ಏಡ್ಸ್, ಏಡ್ಸ್ ಬಂದರೆ ಮರಣ’ ಎಂಬ ಹಳೆಯ ಸೂತ್ರವೇ ಅನೇಕ ತರಗತಿಗಳಲ್ಲಿ ಈಗಲೂ ಪಾಠವಾಗುತ್ತಿದೆ. ಕ್ರಮವಾಗಿ ಔಷಧ ಸೇವಿಸುವ ಸೋಂಕಿತರು ಇತರರಷ್ಟೇ ದೀರ್ಘಾಯುಷ್ಯವನ್ನು ನಿರೀಕ್ಷಿಸಬಹುದು; ರಕ್ತದಲ್ಲಿ ವೈರಸ್ ಅಳತೆಗೆ ಸಿಗದಷ್ಟು ಇಳಿದಿರುವವರಿಂದ ಲೈಂಗಿಕ ಸಂಪರ್ಕದ ಮೂಲಕವೂ ಸೋಂಕು ಹರಡುವುದಿಲ್ಲ. ಕ್ಷಯದ ಔಷಧ ಆರಂಭವಾಗಿ ಅದು ಫಲಿಸತೊಡಗಿದೊಡನೆ ರೋಗ ಹರಡುವ ಸಂಭವ ಬೇಗನೆ ಕುಗ್ಗುತ್ತದೆ. ಚಿಕ್ಕ ಮಕ್ಕಳ ಕಫದಲ್ಲಿ ರೋಗಾಣುಗಳು ತೀರ ವಿರಳವಾದ್ದರಿಂದ ಅವರಿಂದ ಇತರರಿಗೆ ಹರಡುವುದು ಅಪರೂಪ. ಮಗುವಿಗೆ ಕ್ಷಯ ಬಂದರೆ ಅದನ್ನು ಕೊಟ್ಟ ದೊಡ್ಡವರೊಬ್ಬರು ಸುತ್ತಮುತ್ತ ಇದ್ದಾರೆಂದೇ ಅರ್ಥ. ಮಗು ಶಾಲೆಗೆ ಎಂದು ಮರಳಬಹುದೆಂಬುದನ್ನು ನಿರ್ಧರಿಸಬೇಕಾದವರು ಚಿಕಿತ್ಸೆ ನೀಡುವ ವೈದ್ಯರು, ನೆರೆಮನೆಯವರಲ್ಲ.

ಕರ್ನಾಟಕದ ಹೊರಗಿನ ಕನ್ನಡ ಶಾಲೆಗಳಿಗೆ ಇದರಲ್ಲಿ ಪ್ರತ್ಯೇಕವಾದ ಒಂದು ಹೊಣೆಯಿದೆ. ಆರೋಗ್ಯ ಕೇಂದ್ರದ ಫಲಕ, ಔಷಧದ ಚೀಟಿ, ಕರಪತ್ರಗಳು ಆಯಾ ರಾಜ್ಯದ ಭಾಷೆಯಲ್ಲಿರುವುದು ಸಹಜ. ಕನ್ನಡದ ಮಗು ಮನೆಯಲ್ಲಿ ಕೇಳುವ ‘ಕ್ಷಯ’ ತಮಿಳು ಫಲಕದಲ್ಲಿ ‘ಕಾಸನೋಯ್’ ಆಗಿರುತ್ತದೆ. ಎರಡೂ ಭಾಷೆ ಬಲ್ಲ ಮಕ್ಕಳೇ ಅನೇಕ ಮನೆಗಳಲ್ಲಿ ಅಜ್ಜ ಅಜ್ಜಿಯರಿಗೆ ಚೀಟಿ ಓದಿ ಹೇಳುವವರು. ‘ಊಟಕ್ಕೆ ಮೊದಲು’, ‘ತಪ್ಪಿಸದೆ’, ‘ಆರು ತಿಂಗಳು’, ‘ಕಫ ಪರೀಕ್ಷೆ’ ಇಂಥ ಹತ್ತಿಪ್ಪತ್ತು ಪದಗಳನ್ನು ಕನ್ನಡದಲ್ಲಿಯೂ ರಾಜ್ಯದ ಭಾಷೆಯಲ್ಲಿಯೂ ಜೋಡಿಯಾಗಿ ಗೋಡೆಯ ಮೇಲೆ ಬರೆಸುವುದು ಒಂದು ಭಾಷಾಪಾಠದ ಅವಧಿಯ ಕೆಲಸ. ಅದಕ್ಕೆ ಕರಪತ್ರವನ್ನು ಬಳಸಬೇಕು; ಯಾವ ಮಗುವಿನ ಮನೆಯ ಚೀಟಿಯನ್ನೂ ತರಗತಿಗೆ ತರಿಸಬಾರದು.

2017ರ ಎಚ್‌ಐವಿ ಮತ್ತು ಏಡ್ಸ್ ಕಾಯಿದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಸೋಂಕಿನ ಕಾರಣಕ್ಕೆ ಶಾಲೆಗೆ ಸೇರಿಸಿಕೊಳ್ಳದಿರುವುದು, ಬೇರೆ ಕೂರಿಸುವುದು, ಸೇರಿಸಿಕೊಳ್ಳಲು ರಕ್ತ ಪರೀಕ್ಷೆಯ ಷರತ್ತು ಹಾಕುವುದು ಇವೆಲ್ಲ ಆ ಕಾಯಿದೆಯಂತೆ ನಿಷಿದ್ಧ. ಒಬ್ಬರ ಸೋಂಕಿನ ಸಂಗತಿಯನ್ನು ಅವರ ಒಪ್ಪಿಗೆಯಿಲ್ಲದೆ ಬಹಿರಂಗಪಡಿಸುವಂತಿಲ್ಲ. ಈ ಮಾತು ಶಿಕ್ಷಕರ ಕೊಠಡಿಯ ಸಂಭಾಷಣೆಗೂ ಅನ್ವಯಿಸುತ್ತದೆ. ಔಷಧ ತರಲು ತಾಯಿಯೊಡನೆ ಜಿಲ್ಲಾ ಆಸ್ಪತ್ರೆಗೆ ಹೋಗಿ ಬರುವ ಮಗು ತಿಂಗಳಿಗೊಮ್ಮೆ ಒಂದು ದಿನ ತಪ್ಪಿಸಿಕೊಳ್ಳಬಹುದು. ಮರುದಿನ ಅದನ್ನು ಎಲ್ಲರೆದುರು ನಿಲ್ಲಿಸಿ ಕಾರಣ ಕೇಳಬೇಕಾಗಿಲ್ಲ. ಹಾಜರಿ ಪುಸ್ತಕದಲ್ಲಿ ‘ರಜೆ’ ಎಂದು ಬರೆದು, ತಪ್ಪಿದ ಪಾಠವನ್ನು ಬಿಡುವಿನಲ್ಲಿ ಹೇಳಿಕೊಟ್ಟರೆ ಆಯಿತು.